ಬಿಸಿಲು ತಿಂದ ಹಗ್ಗ

ನಮ್ಮ ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗವೊಂದಿದೆ. ಬಟ್ಟೆ ಹಗ್ಗದ ಬಗ್ಗೆ ಬರೆಯುವಷ್ಟು ವಿಷಯದ ಬರಗಾಲ ಬಂತೇ ಈಕೆಗೆ ಎಂದು ನೀವು ಮೂಗು ಮುರಿಯುವ ಮೊದಲೇ ಹೇಳಿಬಿಡುತ್ತೇನೆ, ಇದು ಬಟ್ಟೆಗೆಂದು ಹುಟ್ಟಿದ ಹಗ್ಗವಲ್ಲ. ಕಿರುಬೆರಳಿನಷ್ಟು ದಪ್ಪ, ಕ್ಲಿಪ್ಪುಗಳು ಇದರ ಮೇಲೆ ಕೂರಲಾರದೆ, ಬಾಯಿ ಅಗಲಿಸಿ ಅಗಲಿಸಿ ಸೋತು, ಕೊನೆಗೆ ಸ್ಪ್ರಿಂಗು ಕಳಚಿಕೊಂಡು ಪಕ್ಕದ ಮನೆಯವರ ತುಳಸಿಕಟ್ಟೆಯ ಬುಡಕ್ಕೆ ಹಾರಿಬಿಡುತ್ತವೆ. ತುಮಕೂರಿನ ಶಿರಾ ಗೇಟಿನ ಲಾರಿಗಳು ಎಬ್ಬಿಸುವ ಧೂಳನ್ನೆಲ್ಲ ತನ್ನ ಹೆಣಿಗೆಯ ಸಂದಿನಲ್ಲಿ ತುಂಬಿಕೊಂಡು, ನಾನು ಒರೆಸಲು ಮರೆತ ದಿನ ಬಿಳಿಯ ಬಟ್ಟೆಯ ನಡುವಿಗೆ ಸರಿಯಾಗಿ ಒಂದು ಕಂದು ಪಟ್ಟಿಯನ್ನು ಎಳೆದುಕೊಡುತ್ತದೆ. "ಒಂದು ಪ್ಲಾಸ್ಟಿಕ್ ವೈರ್ ಕಟ್ಟಿಸ್ಕೊಳ್ಳಿ ಅಕ್ಕ, ಇದೇನು ಎಮ್ಮೆ ಕಟ್ಟೋ ಹಗ್ಗ ಇದ್ದಂಗಿದೆ" ಎಂದು ಪಕ್ಕದ ಮನೆಯವರು ಕ್ಲಿಪ್ಪುಗಳನ್ನು ಹಿಂದಿರುಗಿಸುವಾಗಲೆಲ್ಲ ಹೇಳುತ್ತಾರೆ. ಹೂಂ ಅನ್ನುತ್ತೇನೆ, ಕಟ್ಟಿಸುವುದಿಲ್ಲ.

ಇದು ಬೆಟ್ಟ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ. ಹಳ್ಳಿಯ ಹಗ್ಗದ ಹಾಗೆ ಹೊಸೆದದ್ದಲ್ಲ. ಒಳಗೆ ಬಿಳಿಯ ಎಳೆಗಳ ಕಂತೆ, ಅದರ ಮೇಲೆ ಜಡೆಯ ಹಾಗೆ ಹೆಣೆದ ಕವಚ. ಒಂದು ಕಾಲಕ್ಕೆ ದಾಸವಾಳದ ಕೆಂಪಿತ್ತಂತೆ, ನಾನು ನೋಡುವ ಹೊತ್ತಿಗೆ ಒಗೆದೊಗೆದು ಸವೆದ ರವಿಕೆಯ ಬಣ್ಣಕ್ಕೆ ತಿರುಗಿತ್ತು. ಇದರ ಒಡತಿ ನನ್ನ ಚಿಕ್ಕಮ್ಮ, ಅಮ್ಮನ ಕೊನೆಯ ತಂಗಿ ಸರ್ವಮಂಗಳ. ಹಾರ್ಡ್‌ವೇರ್ ಅಂಗಡಿಯ ಮಹದೇವಯ್ಯನವರ ಹೆಂಡತಿ ಎಂದರೆ ಗುಬ್ಬಿಯಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು. ಸರ್ವಮಂಗಳ ಎಲ್ಲಿದ್ದಾಳೆ ಎಂದು ಕೇಳಿದ್ದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಮದುವೆಯಾಗಿ ಆ ಮನೆಗೆ ಹೋಗುವಾಗ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಈ ಹಗ್ಗವನ್ನು ಸುರುಳಿ ಸುತ್ತಿ ಇಟ್ಟುಕೊಂಡು ಹೋಗಿದ್ದಳು. ಅಂಗಡಿಯ ತುಂಬ ಹಗ್ಗ ನೇತಾಡುವ ಮನೆಗೆ ಸೊಸೆ ತವರಿನಿಂದ ಹಗ್ಗ ಹೊತ್ತು ತಂದಳಲ್ಲ ಎಂದು ಅತ್ತೆ ಮನೆಯವರು ಬಹಳ ದಿನ ನಕ್ಕರಂತೆ. ಅವಳೂ ನಕ್ಕು, ಹಿತ್ತಿಲಿನ ಕಲ್ಲುಕಂಬಗಳ ನಡುವೆ ಅದನ್ನು ಬಿಗಿದು ಕಟ್ಟಿ, ಮಾವನವರ ಪಂಚೆಯನ್ನು ಹರವಿದಳು. ಆಮೇಲೆ ಅದರ ಮೇಲೆ ಮಕ್ಕಳ ಬಟ್ಟೆ ಬಂತು, ಮಕ್ಕಳ ಯೂನಿಫಾರಂ ಬಂತು, ಅತ್ತೆ ಹಾಸಿಗೆ ಹಿಡಿದಾಗಿನ ದುಪ್ಪಟಿಗಳು ಬಂದವು.

ನಾನು ಇನ್ನೂ ಪುಟ್ಟ ಲಂಗ ತೊಟ್ಟು ಓಡಾಡುವ ವಯಸ್ಸಿನಲ್ಲಿದ್ದಾಗ ಚಿಕ್ಕಮ್ಮ ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದಳು. ತಾತನದು ಮಠಕ್ಕೆ ನಡೆದುಕೊಳ್ಳುವ ಮನೆ, ಮೂರು ಹೊತ್ತು ಪೂಜೆ, ಸಂಜೆ ದೀಪ ಹಚ್ಚುವ ಮೊದಲು ಹೆಣ್ಣುಮಕ್ಕಳು ಒಳಗಿರಬೇಕು ಎಂಬ ಕಟ್ಟುನಿಟ್ಟು. ಅವಳ ಜೀವದ ಗೆಳತಿ ಜರೀನಾ, ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರ ಮಗಳು. ಕಾಲೇಜಿಗೆ ಹೊಸದಾಗಿ ಬಂದಿದ್ದ ದೈಹಿಕ ಶಿಕ್ಷಣದ ಮೇಡಂ ಒಬ್ಬರು ಉತ್ತರದ ಹಿಮದ ಸೀಮೆಯಲ್ಲಿ ಬೆಟ್ಟ ಹತ್ತುವ ತರಬೇತಿ ಪಡೆದವರು. ಥ್ರೋಬಾಲ್ ಆಡಿಸಿ ಸಂಬಳ ತೆಗೆದುಕೊಂಡು ಸುಮ್ಮನಿರುವುದು ಬಿಟ್ಟು, ರಜೆಯ ದಿನ ಆಸೆಯಿದ್ದ ಹುಡುಗಿಯರನ್ನು ಊರಾಚೆಯ ಬಂಡೆಗಳ ಹತ್ತಿರ ಕರೆದೊಯ್ದು ಹಗ್ಗ ಕಟ್ಟುವುದು, ಬೆರಳು ಹಿಡಿಯುವಷ್ಟು ಬಿರುಕನ್ನು ಹುಡುಕುವುದು, ಉಸಿರನ್ನು ಹಿಡಿತದಲ್ಲಿಡುವುದು ಎಲ್ಲವನ್ನೂ ಕಲಿಸಿದರು. ಬಂದವರಲ್ಲಿ ಉಳಿದುಕೊಂಡವರು ಈ ಇಬ್ಬರೇ. ಜರೀನಾಳ ತಾಯಿ, ಪೊಲೀಸರ ಯೂನಿಫಾರಂ ಹೊಲಿದು ಉಳಿದ ಖಾಕಿ ತುಂಡುಗಳನ್ನು ಜೋಡಿಸಿ ಇಬ್ಬರಿಗೂ ಪ್ಯಾಂಟು ಹೊಲಿದುಕೊಟ್ಟರು. ಆ ತಾಯಿಗೆ ಮಗಳು ಎಲ್ಲಿಗೆ ಹೋಗುತ್ತಾಳೆ ಎಂಬುದು ಗೊತ್ತಿತ್ತು, ಕೇಳಲಿಲ್ಲ ಅಷ್ಟೆ.

ಮನೆಯಿಂದ ಹೊರಡುವಾಗ ಚಿಕ್ಕಮ್ಮನದು ಲಂಗ ದಾವಣಿ, ಜರೀನಾಳದು ಬುರ್ಖಾ. ಎರಡರ ಒಳಗೂ ಖಾಕಿ ಪ್ಯಾಂಟು. ಬಂಡೆಯ ಬುಡಕ್ಕೆ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿ, ಮೇಲಿನದನ್ನು ಬಿಚ್ಚಿ ಮಡಿಸಿ, ಗಾಳಿಗೆ ಹಾರದ ಹಾಗೆ ಒಂದು ಕಲ್ಲನ್ನು ಹೇರಿಟ್ಟು ಹತ್ತುತ್ತಿದ್ದರು. ಇಳಿದ ಮೇಲೆ ಆ ಕಲ್ಲನ್ನು ಸರಿಸಿ, ಧೂಳು ಕೊಡವಿ, ಮತ್ತೆ ಮನೆಯ ಹೆಣ್ಣುಮಕ್ಕಳಾಗಿ ಬಸ್ಸು ಹಿಡಿಯುತ್ತಿದ್ದರು.

ಈಚೆಗೆ ಎಲ್ಲೋ ಓದಿದೆ. ಯೂರೋಪಿನ ಹಿಮಪರ್ವತಗಳನ್ನು ಹತ್ತುತ್ತಿದ್ದ ಹಳೆಯ ಕಾಲದ ಹೆಂಗಸರೂ ಊರು ದಾಟುವ ತನಕ ನೆಲ ಗುಡಿಸುವ ಸ್ಕರ್ಟು ತೊಟ್ಟು ನಡೆದು, ಜನರ ಕಣ್ಣು ತಪ್ಪಿದ ಮೇಲೆ ಅದನ್ನು ಬಂಡೆಯ ಮರೆಯಲ್ಲಿ ಬಚ್ಚಿಟ್ಟು, ಒಳಗಿನ ಪ್ಯಾಂಟಿನಲ್ಲಿ ಹತ್ತುತ್ತಿದ್ದರಂತೆ. ಗಂಡಸರ ಪರ್ವತಾರೋಹಣ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೆಂಗಸು ಹತ್ತಿಬಿಟ್ಟ ಶಿಖರಕ್ಕೆ ಆಮೇಲೆ ಬೆಲೆ ಇಳಿದುಹೋಗುತ್ತಿತ್ತು, ಅಷ್ಟೇನೂ ಕಷ್ಟದ್ದಲ್ಲ ಬಿಡಿ ಎಂದು ಮೀಸೆಯ ಮರೆಯಲ್ಲಿ ನಗುತ್ತಿದ್ದರು. ಕೆಲವರು ಕಷ್ಟಪಟ್ಟು ಹತ್ತಿ ಬಂದು ಬರೆದ ಅನುಭವ ಮನೆಯ ಗಂಡಸರ ಹೆಸರಿನಲ್ಲಿ ಅಚ್ಚಾಯಿತು. ನಮ್ಮ ಹಿಮಾಲಯದಲ್ಲಿಯೂ ಶಿಖರ ಮುಟ್ಟಿದವರ ಗಂಟುಮೂಟೆಗಳನ್ನು ಎಷ್ಟೋ ಸಲ ಬೆಟ್ಟದ ಹಳ್ಳಿಯ ಹೆಂಗಸರು ಬೆನ್ನಿಗೆ ಹೊತ್ತು ಸಾಗಿಸಿದರು, ಅವರ ಹೆಸರು ಯಾವ ಬಾಯಲ್ಲೂ ಇಲ್ಲ. ಇದನ್ನೆಲ್ಲ ಓದಿ ನಾನು ಖುಷಿಪಡಬೇಕಿತ್ತೇನೋ, ಸಮುದ್ರದಾಚೆಯ ಗೆಳತಿಯರು ಸಿಕ್ಕರೆಂದು. ನಾನು ಓದುವುದನ್ನು ಅಲ್ಲಿಗೇ ಮುಚ್ಚಿಟ್ಟು ಎದ್ದುಬಿಟ್ಟೆ. ಅಲ್ಲಿಯೂ ಅದೇ ಕಲ್ಲು, ಇಲ್ಲಿಯೂ ಅದೇ ಕಲ್ಲು. ಒಂದು ಊರಿನ ದಡ್ಡತನವಾದರೆ ಆ ಊರನ್ನು ಬೈದು ಸುಮ್ಮನಾಗಬಹುದು, ಇಡೀ ಭೂಮಿಯೇ ಹೀಗಿದ್ದರೆ ಯಾರ ಹತ್ತಿರ ಹೋಗಿ ಜಗಳ ಆಡುವುದು, ನೀವೇ ಹೇಳಿ.

ಇರಲಿ, ಬೆಟ್ಟಕ್ಕೆ ಬರೋಣ. ಕುಣಿಗಲ್ ತಾಲ್ಲೂಕಿನಲ್ಲಿ, ಕೊತ್ತಗೆರೆಯ ಆಚೆಗೆ, ರಾಗಿ ಹೊಲಗಳ ನಡುವೆ ಒಂದು ಕಲ್ಲುಬೆಟ್ಟವಿದೆ. ಹೆಸರು ಬರೆಯಲು ನನಗೆ ಮನಸ್ಸಿಲ್ಲ, ಆ ಕಡೆ ಅಂಥವು ಬೇಕಾದಷ್ಟಿವೆ. ಮುಂಬದಿಯಲ್ಲಿ ಮೆಟ್ಟಿಲು, ನೆತ್ತಿಯ ಮೇಲೆ ಪುಟ್ಟದೊಂದು ಶಿವನ ಗುಡಿ. ಹಿಂಬದಿಯಲ್ಲಿ ಬುಡದಿಂದ ನೆತ್ತಿಯವರೆಗೆ ಒಂದೇ ಬಂಡೆ, ಬುಡದಲ್ಲೊಂದು ಕೊಳ. ಆ ಬಂಡೆಯ ಕಡೆಯಿಂದ ಯಾರೂ ಹತ್ತಿರಲಿಲ್ಲ. ಹತ್ತಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಮೆಟ್ಟಿಲಿರುವ ಬೆಟ್ಟವನ್ನು ಹಿಂದಿನಿಂದ ಹತ್ತುವುದಕ್ಕೆ ತಲೆ ಕೆಟ್ಟಿರಬೇಕು. ಒಂದು ಭಾನುವಾರ ಮೇಡಂ ಹತ್ತಿರ ಈ ಹಗ್ಗವನ್ನೂ ಬಂಡೆಯ ಬಿರುಕಿಗೆ ಬಡಿಯುವ ಉಂಗುರದ ಮೊಳೆಗಳನ್ನೂ ಬೇಡಿ ತೆಗೆದುಕೊಂಡು, ಗೆಳತಿಯ ಅಕ್ಕನ ಸೀಮಂತ ಎಂದು ಮನೆಯಲ್ಲಿ ಹೇಳಿ, ಇಬ್ಬರೂ ಕುಣಿಗಲ್ ಬಸ್ಸು ಹತ್ತಿದರು.

ಆ ದಿನದ ವಿಷಯವನ್ನು ಚಿಕ್ಕಮ್ಮ ಹೇಳಿದಷ್ಟು ಸಲವೂ ಒಂದೇ ಜಾಗದಲ್ಲಿ ಅವಳ ದನಿ ತಗ್ಗುತ್ತಿತ್ತು. ಬಂಡೆಯ ನಡುಭಾಗದಲ್ಲಿ ಕೈಗೆ ಏನೂ ಸಿಗದ, ಮಳೆನೀರು ಹರಿದು ಹರಿದು ನುಣುಪಾದ ಒಂದು ಪಟ್ಟಿಯಿತ್ತು. ಅಲ್ಲಿ ಚಿಕ್ಕಮ್ಮನ ಕಾಲು ನಡುಗಲು ಶುರುವಾಯಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಜರೀನಾ ಹಗ್ಗವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಮುಂದೆ ಹೋದಳು. "ಕೆಳಗೆ ನೋಡ್ಬೇಡ ಕಣೇ ಮಂಗಳಾ, ಮೇಲೂ ನೋಡ್ಬೇಡ. ನನ್ ಹಿಮ್ಮಡಿ ಒಂದೇ ನೋಡ್ಕೊಂಡು ಬಾ" ಎಂದಳಂತೆ. ಆ ಬರಿಗಾಲಿನ ಹಿಮ್ಮಡಿಯಲ್ಲಿ ಯಾವುದೋ ಮದುವೆಗೆ ಹಚ್ಚಿಕೊಂಡ ಮೆಹಂದಿಯ ಕಲೆ ಮಾಸಿ ಮಾಸಿ ಇನ್ನೂ ಸ್ವಲ್ಪ ಉಳಿದಿತ್ತು. ನೆತ್ತಿಯ ಮೇಲಿಂದ ಕಂಡ ಕೆರೆಗಳು, ತೋಟಗಳು, ದೂರದ ದುರ್ಗಗಳು ಯಾವುದೂ ನೆನಪಿಲ್ಲ, ಆ ಕಲೆ ಮಾತ್ರ ಕಣ್ಣು ಮುಚ್ಚಿದರೆ ಕಾಣುತ್ತದೆ ಎನ್ನುತ್ತಿದ್ದಳು. ತುದಿಯಲ್ಲಿ ಜರೀನಾ ಕೊನೆಯ ಮೊಳೆಯನ್ನು ಬಡಿದು ಅಲ್ಲಿಯೇ ಬಿಟ್ಟಳು, ನಾವು ಬಂದಿದ್ದೆವು ಎಂಬುದಕ್ಕೆ ಅದು ಇರಲಿ ಎಂದು.

ಇನ್ನು ಕೆಳಗೆ ಆದದ್ದು. ಕುರಿ ಮೇಯಿಸುವ ಅಜ್ಜಿಯೊಬ್ಬಳು ಕೊಳದ ಹತ್ತಿರ ಬಂದವಳು ಕಲ್ಲಿನ ಕೆಳಗೆ ಮಡಿಸಿಟ್ಟ ಲಂಗ ದಾವಣಿಯನ್ನೂ ಬುರ್ಖಾವನ್ನೂ ಕಂಡಳು. ನಮ್ಮ ಕಡೆ ನೀರಿನ ದಡದಲ್ಲಿ ಹೆಣ್ಣಿನ ಬಟ್ಟೆ ಮಾತ್ರ ಸಿಕ್ಕರೆ ಅದಕ್ಕೆ ಇರುವುದು ಒಂದೇ ಅರ್ಥ. ಅಜ್ಜಿ ಎದೆ ಬಡಿದುಕೊಂಡು ಊರಿಗೆ ಓಡಿದಳು, ಊರು ಓಡಿಬಂತು. ಈಜು ಬರುವವರು ನೀರಿಗೆ ಧುಮುಕಿದರು. ಬಾವಿಗೆ ಬಿದ್ದ ಬಿಂದಿಗೆಯನ್ನು ಎತ್ತುವ ಕೊಕ್ಕೆಗಳ ಪಾತಾಳಗರಡಿಯನ್ನು ತಂದು ಕೊಳದ ತಳವನ್ನು ತಡಕಿದರು. ಹೆಂಗಸರು ಗುರುತಿಲ್ಲದ ಮಕ್ಕಳಿಗಾಗಿ ದಡದಲ್ಲಿ ಕೂತು ಅತ್ತರು. ನೆತ್ತಿಯ ಮೇಲೆ ಈ ಇಬ್ಬರೂ ಕೆಳಗಿನ ಜನರನ್ನು ಕಂಡು, ನಮ್ಮನ್ನೇ ನೋಡಲು ಸೇರಿದ್ದಾರೆ ಎಂದುಕೊಂಡು, ಸಂತೋಷದಿಂದ ಕೈ ಬೀಸಿ ಕೂಗಿದರಂತೆ. ಇಡೀ ಊರು ನೀರನ್ನು ನೋಡುತ್ತಿತ್ತು. ಯಾರೊಬ್ಬರೂ ತಲೆ ಎತ್ತಲಿಲ್ಲ.

ಮುಂಬದಿಯ ಮೆಟ್ಟಿಲು ಇಳಿದು, ಬೆಟ್ಟವನ್ನು ಸುತ್ತಿ, ಬಟ್ಟೆಗಾಗಿ ಕೊಳದ ಹತ್ತಿರ ಬಂದಾಗಲೂ ಅವರನ್ನು ಯಾರೂ ಗಮನಿಸಲಿಲ್ಲ. "ಏನಾಗಿದೆ?" ಎಂದು ಚಿಕ್ಕಮ್ಮ ಮುಂದೆ ನಿಂತವರನ್ನು ಕೇಳಿದಳು. "ಇಬ್ರು ಹುಡ್ಗೀರು ಬಿದ್ದವ್ರೆ ಕಣವ್ವ, ದಡದಾಗೆ ಬಟ್ಟೆ ಬುಟ್ಟು ಬಿದ್ದವ್ರೆ. ಅಡ್ಡ ನಿಂತ್ಕಬ್ಯಾಡ, ಸರ್ಕೊ" ಎಂದು ಆತ ತಿರುಗಿಯೂ ನೋಡದೆ ಹೇಳಿದ. ಜರೀನಾ ಅಯ್ಯೋ ಪಾಪ ಎಂದು ಕಣ್ಣು ಒದ್ದೆ ಮಾಡಿಕೊಂಡಳಂತೆ. ಆಮೇಲೆ ಅಜ್ಜಿಯ ಕೈಯಲ್ಲಿದ್ದ ತನ್ನ ಬುರ್ಖಾ ಕಂಡಿತು. ಈ ಜಾಗದಲ್ಲಿ ಚಿಕ್ಕಮ್ಮ ಬಿದ್ದು ಬಿದ್ದು ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಈಗ ನನಗೆ ನಗು ಬರುವುದಿಲ್ಲ.

ಏಕೆಂದರೆ ಊರು ಅದನ್ನು ಮರೆಯಲಿಲ್ಲ. ನೀವು ಇಂದು ಆ ಊರಿಗೆ ಹೋಗಿ ಕೇಳಿ, ಹಳಬರು ಹೇಳುತ್ತಾರೆ: ತುಮಕೂರಿನ ಇಬ್ಬರು ಹುಡುಗಿಯರು ಕೊಳಕ್ಕೆ ಬೀಳಲು ಬಂದಿದ್ದರು, ದೇವರು ದೊಡ್ಡವನು, ಬದುಕಿಕೊಂಡರು. ಏಕೆ ಬೀಳಲು ಬಂದರು ಎಂಬುದಕ್ಕೆ ಕಾರಣಗಳನ್ನೂ ಜನ ಜೋಡಿಸಿದ್ದಾರೆ, ಅವು ಇಲ್ಲಿ ಬೇಡ. ಹತ್ತಿದ್ದು ಯಾರಿಗೂ ನೆನಪಿಲ್ಲ, ಬೀಳದಿದ್ದದ್ದು ಮಾತ್ರ ನೆನಪಿದೆ. ಹೆಣ್ಣು ಮೇಲೆ ಹೋಗಿರಬಹುದು ಎಂಬ ಯೋಚನೆ ಒಂದು ಇಡೀ ಊರಿನ ತಲೆಗೆ ಬರಲಿಲ್ಲ. ಅವಳು ಕಾಣದಿದ್ದರೆ ಹುಡುಕಬೇಕಾದ್ದು ಕೆಳಗೆ, ನೀರಿನಲ್ಲಿ, ಕೊಕ್ಕೆ ಹಾಕಿ. ಚರಿತ್ರೆ ಬರೆಯುವವರ ಬಗ್ಗೆ ನನಗಿರುವ ದೂರೂ ಇದೇ.

ಸುದ್ದಿ ಅವರಿಗಿಂತ ಮೊದಲು ತುಮಕೂರು ತಲುಪಿತ್ತು. ಆ ಮೇಡಂ ಬೇರೆಲ್ಲಿಗೋ ವರ್ಗವಾದರು. ಹೋಗುವಾಗ ಹಗ್ಗವನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಬಿಸಿಲಿಗೆ ಇಡಬೇಡ ಎಂದಷ್ಟೇ ಹೇಳಿದರಂತೆ. ತಾತ ಬೈಯಲಿಲ್ಲ, ಊಟ ಬಿಟ್ಟು ಕೂತರು. ಅದು ಬೈಗುಳಕ್ಕಿಂತ ಜೋರು. ಮಠದ ಐನೋರು ಮದುವೆಗೆ ಮುಹೂರ್ತ ಇಟ್ಟುಕೊಟ್ಟರು, ಚಿಕ್ಕಮ್ಮ ಗುಬ್ಬಿಗೆ ಹೋದಳು. ಜರೀನಾಳನ್ನು ಕುಣಿಗಲ್‌ಗೆ ಕೊಟ್ಟರು. ಅವಳು ಅಲ್ಲಿ ಹೊಲಿಗೆ ಮಿಷನ್ ತುಳಿಯುತ್ತ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು. ಅಪರೂಪಕ್ಕೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋದಾಗ ಮೂಲೆಯಲ್ಲಿ ಕೂತು ಪಿಸುಪಿಸು ಮಾತಾಡುತ್ತಿದ್ದರು.

ಹೆಂಗಸರು ಬೆಟ್ಟ ಹತ್ತಲಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಸೀಮೆಯ ಬೆಟ್ಟಗಳನ್ನು ಹತ್ತಿದವರು ಹೆಂಗಸರೇ ಅಲ್ಲವೇ? ಹರಕೆ ಹೊತ್ತು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ, ಸೊಂಟದಲ್ಲಿ ಮಗು, ತಲೆಯ ಮೇಲೆ ಬುತ್ತಿ. ಸೌದೆಗೆ, ಹುಲ್ಲಿಗೆ, ಸೀತಾಫಲಕ್ಕೆ ಬರಿಗಾಲಲ್ಲಿ ಹತ್ತಿ ಹೊರೆ ಹೊತ್ತು ಇಳಿದವರು. ಆದರೆ ಅದಕ್ಕೆ ಹರಕೆ ಎಂದು ಹೆಸರು, ಕೆಲಸ ಎಂದು ಹೆಸರು. ಗಂಡಸು ಬೂಟು ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿ, ಕೆಳಗೆ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನವನ್ನು ಮೇಲೆ ಹೋಗಿ ತಿಂದು ಬಂದರೆ ಅದು ಸಾಹಸ. ಈ ಲೆಕ್ಕವನ್ನು ಯಾರು ಹಾಕಿದರೋ, ಹಾಕಿದವರು ಮಾತ್ರ ಒಂದು ಹೊರೆ ಹುಲ್ಲು ಹೊತ್ತವರಲ್ಲ.

ಕೆಲವು ವರ್ಷಗಳ ಹಿಂದೆ ತುಮಕೂರಿನ ಒಂದು ಚಾರಣ ಬಳಗದವರು ಆ ಬಂಡೆಯ ಬುಡದಲ್ಲಿ, ಅದನ್ನು ಮೊದಲು ಏರಿದವರ ಹೆಸರಿನ ಕಲ್ಲು ನಿಲ್ಲಿಸುವ ಯೋಚನೆ ಮಾಡಿದರು. ಬಳಗದ ಹಿರಿಯರು ಪ್ರಾಯದಲ್ಲಿ ಆ ಬಂಡೆಯನ್ನು ಹತ್ತಿದ್ದರು. ತುದಿಯಲ್ಲಿ ತುಕ್ಕು ಹಿಡಿದ ಉಂಗುರದ ಮೊಳೆ ಸಿಕ್ಕಿತ್ತಂತೆ, ಬ್ರಿಟಿಷರ ಕಾಲದ ಸರ್ವೆಯವರದು ಇರಬೇಕು ಎಂದುಕೊಂಡು ಬಿಟ್ಟಿದ್ದರು. ಇದನ್ನು ಕೇಳಿ ನಾನು ಸುಮ್ಮನಿರಲಿಲ್ಲ. ನಾನು ಕೆಲಸ ಮಾಡುವ, ಊರಂಚಿನ ಸತ್ಯಮಂಗಲದ ಕಾರ್ಖಾನೆಯ ಆಫೀಸಿನಲ್ಲಿ ರಜೆ ಹಾಕಿ, ಬಳಗದ ಅಧ್ಯಕ್ಷರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಒಳ್ಳೆಯ ಮನುಷ್ಯರು, ಕಾಫಿ ಕೊಟ್ಟು ಕೂಲಂಕಷವಾಗಿ ಕೇಳಿಸಿಕೊಂಡರು, ನಂಬಿದರು. "ಎಂಥ ವಿಷಯ ತಂದ್ರಿ ಮೇಡಂ. ದೊಡ್ಡದಾಗೇ ಸನ್ಮಾನ ಮಾಡೋಣ, ಯಜಮಾನ್ರನ್ನೂ ಕರ್ಕೊಂಡು ಬನ್ನಿ" ಎಂದರು. ಜರೀನಾ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಗುಬ್ಬಿಗೆ ಹೋಗಿ ಸಮಾಚಾರ ತಿಳಿಸಿದಾಗ ಚಿಕ್ಕಮ್ಮ ಕೇಳಿದ್ದು ಒಂದೇ. "ನನ್ ಹೆಸ್ರು ಹಾಕದಿದ್ರೂ ಪರ್ವಾಗಿಲ್ಲ ಕಣೇ, ಜರೀನಾ ಹೆಸ್ರು ಇರ್ಲೇಬೇಕು. ಮುಂದೆ ಹತ್ತಿದ್ದು ಅವ್ಳು. ಅವಳ ಮಕ್ಳು ನಂಬ್ತಾನೇ ಇರ್ಲಿಲ್ಲವಂತೆ, ಹೇಳ್ಕೊಂಡು ಅತ್ತಿದ್ಲು" ಎಂದಳು. ಆಗಲಿ ಎಂದು ಮಾತು ಕೊಟ್ಟು ಬಂದೆ, ಅಧ್ಯಕ್ಷರಿಗೂ ಅದನ್ನೇ ಒತ್ತಿ ಹೇಳಿದೆ.

ನಮ್ಮಲ್ಲಿ ಸನ್ಮಾನವೆಂದರೆ ಹೇಗೆಂದು ನಿಮಗೆ ಗೊತ್ತಲ್ಲ. ದಂಪತಿಗಳನ್ನು ಅಕ್ಕಪಕ್ಕ ಕೂರಿಸುತ್ತಾರೆ. ಗಂಡನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ಕೈಗೆ ನೆನಪಿನ ಕಾಣಿಕೆ. ಹೆಂಡತಿಗೆ ಹಣೆಗೆ ಕುಂಕುಮ, ಮಡಿಲಿಗೆ ರವಿಕೆ ಕಣ, ತೆಂಗಿನಕಾಯಿ, ಬಾಳೆಹಣ್ಣು. ಈ ಕೈಗಳಿಗೆ ಇದು ಎಷ್ಟು ರೂಢಿಯೆಂದರೆ ಸಾಧಿಸಿದವರು ಯಾರು ಎಂದು ಕೇಳಿಕೊಳ್ಳಲು ಅವು ನಿಲ್ಲುವುದಿಲ್ಲ. ಪೇಟ ಇರುವುದು ಒಂದು, ಅದು ಹೋಗುವ ತಲೆಯೂ ಒಂದೇ. ಸನ್ಮಾನದ ದಿನವೂ ನೋಡನೋಡುತ್ತಿದ್ದ ಹಾಗೆ ಚಿಕ್ಕಪ್ಪನವರ ತಲೆಯ ಮೇಲೆ ಪೇಟ ಕೂತಿತು. ಮೈಕು ಹಿಡಿದ ನಿರೂಪಕರು, ಕುಣಿಗಲ್ ಸೀಮೆಯ ಬಂಡೆಯನ್ನು ಮೊದಲು ಏರಿದ ಸಾಹಸಿ ಮಹದೇವಯ್ಯನವರು, ಅವರ ಬೆನ್ನಿಗೆ ನೆರಳಾಗಿ ನಿಂತ ಧರ್ಮಪತ್ನಿ ಎಂದು ಶುರು ಮಾಡಿದರು. ನಾನು ಎದ್ದು ವೇದಿಕೆಯ ಮೆಟ್ಟಿಲವರೆಗೆ ಹೋದೆ. "ಆಮೇಲೆ ಮೇಡಂ,  ಪ್ರೋಗ್ರಾಂ ಲೇಟಾಗ್ತಿದೆ" ಎಂದು ನಗುನಗುತ್ತಲೇ ತಡೆದರು.

ಚಿಕ್ಕಪ್ಪ ಕೆಟ್ಟವರಲ್ಲ. ಪೇಟ ಬಿದ್ದ ಗಳಿಗೆಯಿಂದ ಅವರು ಬೆವರುತ್ತಿದ್ದರು. ಮೈಕು ಕೈಗೆ ಬಂದಾಗ ನಿಜ ಹೇಳಿದರು. "ಸ್ವಾಮಿ, ಹತ್ತಿದ್ದು ನಾನಲ್ಲ, ಇವ್ಳು. ಇವ್ಳೂ ಇವಳ ಸ್ನೇಹಿತೆನೂ. ನಾನು ಅಂಗಡಿ ಏಣಿ ಹತ್ತಿದ್ರೂ ಕಣ್ಣು ಕತ್ಲೆ ಬರುತ್ತೆ." ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರ ಭಾಷಣದ ಹೊತ್ತಿಗೆ ಇದು ಆ ಸಾಹಸಿಯ ವಿನಯವಾಗಿತ್ತು. ಎಲ್ಲ ಕೀರ್ತಿಯನ್ನೂ ಮಡದಿಗೆ ಅರ್ಪಿಸುವ ಇಂಥ ದೊಡ್ಡ ಗುಣ ಇಂದಿನ ಯುವಕರಿಗೆ ಮಾದರಿ ಎಂದರು. ಕಾಫಿ ಕೊಟ್ಟು ನನ್ನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅದೇ ಬಾಯಿ. ಸುಳ್ಳು ಹೇಳಬೇಕೆಂದು ಅವರಿಗೆ ಇರಲಿಲ್ಲ, ಪೇಟ ತೊಟ್ಟ ತಲೆಯೊಂದು ಎದುರಿಗಿತ್ತು, ಕಣ್ಣು ಕಿವಿಯನ್ನು ಗೆದ್ದಿತು. ಆಮೇಲೆ ಚಿಕ್ಕಪ್ಪ ಅವರ ಮನೆಗೇ ಹೋಗಿ ಹೇಳಿದರು, ಫೋನು ಮಾಡಿ ಹೇಳಿದರು. ಹೇಳಿದಷ್ಟೂ ಅವರು ದೊಡ್ಡವರಾಗುತ್ತ ಹೋದರು. ಪಕ್ಕದಲ್ಲಿ ರವಿಕೆ ಕಣ ಹಿಡಿದು ಕೂತಿದ್ದ ಚಿಕ್ಕಮ್ಮನನ್ನು ಅಂದು ಮಾತಾಡಿ ಎಂದು ಯಾರೂ ಕರೆಯಲಿಲ್ಲ.

ಕಲ್ಲು ನಿಂತಿತು. ನೋಡಲು ನಾನೂ ಚಿಕ್ಕಮ್ಮನೂ ಹೋದೆವು. ಕುಣಿಗಲ್‌ನಿಂದ ಜರೀನಾಳ ಮಗಳು ಪರ್ವೀನ್, ತನ್ನ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಕಪ್ಪು ಕಲ್ಲಿನ ಮೇಲೆ ಬಿಳಿಯ ಅಕ್ಷರದಲ್ಲಿ, ಈ ಬಂಡೆಯನ್ನು ಪ್ರಥಮವಾಗಿ ಏರಿದವರು ಶ್ರೀ ಮಹದೇವಯ್ಯ ಮತ್ತು ಸಂಗಡಿಗರು ಎಂದಿತ್ತು. ಅಲ್ಲಿಂದಲೇ ಅಧ್ಯಕ್ಷರಿಗೆ ಫೋನು ಮಾಡಿ ಕೂಗಾಡಿದೆ. "ಸಂಗಡಿಗರು ಅಂತ ಹಾಕಿದೀವಲ್ಲ ಮೇಡಂ, ಅದ್ರಲ್ಲಿ ಎಲ್ರೂ ಬಂದ್ರು" ಎಂದರು ಅವರು, ನಿಜವಾಗಿಯೂ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. ಪರ್ವೀನ್ ಕಲ್ಲನ್ನು ಮೇಲಿನಿಂದ ಕೆಳಗೆ ಓದಿದಳು, ಸುತ್ತಿ ಹೋಗಿ ಹಿಂಬದಿಯನ್ನೂ ನೋಡಿದಳು. "ಅಮ್ಮಿ ಹೆಸ್ರು ಎಲ್ಲಿದೆ ಆಂಟಿ? ಸುಮ್ನೆ ಕತೆ ಕಟ್ತಾರೆ ಅಂತ ನಮ್ಮನೇಲಿ ಎಲ್ರೂ ನಗ್ತಿದ್ರು. ಇವ್ಳಿಗೆ ತೋರ್ಸೋಣ ಅಂತ ಕರ್ಕೊಂಡು ಬಂದೆ" ಎಂದಳು. ಚಿಕ್ಕಮ್ಮ ಮಂಡಿ ನೋವಿನಲ್ಲಿ ಕಷ್ಟಪಟ್ಟು ಬಗ್ಗಿ, ಸಂಗಡಿಗರು ಎಂಬ ಪದದ ಮೇಲೆ ಬೆರಳಿಟ್ಟಳು. "ಇಲ್ಲೇ ಇದೆ ನೋಡಮ್ಮ" ಎಂದಳು. ಮಗು ಆ ಪದವನ್ನು ಅಕ್ಷರ ಕೂಡಿಸಿ ಓದಿ, ಇದು ನಾನಿ ಹೆಸರಲ್ಲ ಎಂದಿತು. ಪರ್ವೀನ್ ಮಗುವನ್ನು ಎತ್ತಿಕೊಂಡಳು. ಹಿಂದಿರುಗುವ ಬಸ್ಸಿನಲ್ಲಿ ಚಿಕ್ಕಮ್ಮ ತುಮಕೂರು ಬರುವ ತನಕ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಲಿಲ್ಲ.

ಇದಾದ ಮೇಲೆ ಒಮ್ಮೆ ಮಂಡಿ ತೋರಿಸಲು ತುಮಕೂರಿಗೆ ಬಂದವಳು ಬ್ಯಾಗಿನಲ್ಲಿ ಈ ಹಗ್ಗವನ್ನು ತಂದಿದ್ದಳು. ಗುಬ್ಬಿಯ ಹಿತ್ತಿಲಿಗೆ ಶೀಟು ಹೊದಿಸುತ್ತಾರಂತೆ, ಬಿಚ್ಚಿಕೊಂಡು ಬಂದೆ, ನಿನಗೆ ಬಟ್ಟೆಗೆ ಆದೀತು ಎಂದಳು. ಬೇಡವೆಂದರೂ ಕೇಳದೆ ಮೆಟ್ಟಿಲಿಗೊಮ್ಮೆ ನಿಂತು ನಿಂತು ತಾರಸಿಗೆ ಬಂದು, ನೀರಿನ ಟ್ಯಾಂಕಿನ ಕಂಬಿಗೆ ತಾನೇ ಕಟ್ಟಿದಳು. ಎಂಟು ಬರೆದ ಹಾಗೆ ಸುತ್ತಿ, ಬಾಲವನ್ನು ಹಿಂದಕ್ಕೆ ತಂದು ಬಿಗಿಯುವ ಆ ಗಂಟನ್ನು ಅವಳ ಬೆರಳು ಕಣ್ಣಿನ ನೆರವಿಲ್ಲದೆ ಕಟ್ಟಿತು. ಇಷ್ಟು ಗಟ್ಟಿ ಹಗ್ಗ ಈಗೆಲ್ಲಿ ಸಿಗುತ್ತೆ ಚಿಕ್ಕಮ್ಮ, ಇನ್ನೂ ಎರಡು ಜನರನ್ನು ಹೊರುತ್ತೆ ಎಂದು ನಾನು ಅವಳನ್ನು ಖುಷಿಪಡಿಸಲು ಹೇಳಿದೆ.

"ಇಲ್ಲ ಕಣೇ" ಎಂದಳು. "ಬಟ್ಟೆಗೆ ಸಾಕು, ಮನುಷ್ಯರಿಗಲ್ಲ. ಬಿಸಿಲು ತಿಂದಿದೆ ಇದು. ಈ ಜಾತಿ ಹಗ್ಗ ಬಿಸಿಲಲ್ಲಿ ಬಿಟ್ರೆ ಮೇಲೆ ಚೆನ್ನಾಗೇ ಕಾಣುತ್ತೆ, ಒಳಗೆ ಸತ್ತೋಗಿರುತ್ತೆ."

ಮೇಡಂ ಹೇಳಿದ್ದು ನೆನಪಾಗಿ, ಗೊತ್ತಿದ್ದೂ ಹಿತ್ತಿಲಲ್ಲಿ ಏಕೆ ಕಟ್ಟಿದೆ ಎಂದು ಕೇಳಿದೆ. ಟ್ರಂಕಿನಲ್ಲಿಯೇ ಇಡಬಹುದಿತ್ತಲ್ಲ.

"ನೆರಳಲ್ಲಿ ಇಟ್ಟಿದ್ರೆ ಗಟ್ಟಿಯಾಗೇ ಇರ್ತಿತ್ತು. ಗಟ್ಟಿಯಾಗಿದ್ದಿದ್ರೆ ದಿನಾ ಕರೀತಿತ್ತು. ಅದಕ್ಕೇ ಬಿಸಿಲಿಗೆ ಹಾಕ್ದೆ" ಎಂದು ಚಿಕ್ಕಮ್ಮ ಹೇಳಿ, ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿ, ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದಳು.

ಹೋದ ವರ್ಷ ಅವಳು ಹೋದಳು. ಗುಬ್ಬಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಚಾರಣ ಬಳಗದವರು ಪ್ರೀತಿಯಿಂದ ಒಂದು ಫ್ಲೆಕ್ಸ್ ಕಟ್ಟಿಸಿದ್ದರು. ಖ್ಯಾತ ಪರ್ವತಾರೋಹಿ ಮಹದೇವಯ್ಯನವರ ಧರ್ಮಪತ್ನಿ ಶಿವೈಕ್ಯರಾದರು ಎಂದು ಅದರಲ್ಲಿತ್ತು, ಪೇಟ ತೊಟ್ಟ ಚಿಕ್ಕಪ್ಪನ ಪಟ ದೊಡ್ಡದಾಗಿ, ಮೂಲೆಯಲ್ಲಿ ಅವಳದು. ಚಿಕ್ಕಪ್ಪ ಅದನ್ನು ಕಿತ್ತುಹಾಕಿ ಎಂದು ಅಂಗಡಿಯ ಬಾಗಿಲಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ದುಃಖದಲ್ಲಿ ಏನೇನೋ ಮಾತಾಡುತ್ತಿದ್ದಾರೆ ಪಾಪ ಎಂದು ಜನ ಅವರಿಗೆ ನೀರು ಕುಡಿಸಿದರು.

ಇದನ್ನೆಲ್ಲ ಬರೆದು ಏನಾಯಿತು ಎಂದರೆ ಏನೂ ಆಗಲಿಲ್ಲ. ಆ ಕಲ್ಲು ಅಲ್ಲೇ ಇದೆ, ಅಕ್ಷರಗಳಿಗೆ ಈ ವರ್ಷ ಹೊಸ ಬಣ್ಣ ತುಂಬಿದ್ದಾರಂತೆ. ನಾನು ಈ ಬೆಳಗ್ಗೆಯೂ ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದೆ. ಒದ್ದೆ ದುಪ್ಪಟಿಯ ಭಾರಕ್ಕೆ ಹಗ್ಗದ ನಡುವೆ ಒಂದು ಕಡೆ ಕವಚ ಬಿಟ್ಟುಕೊಂಡಿತ್ತು. ಒಳಗಿನ ಬಿಳಿ ಎಳೆಗಳನ್ನು ಮುಟ್ಟಿದರೆ ಬೆರಳಿಗೆ ಹಿಟ್ಟಿನಂಥ ಪುಡಿ ಹತ್ತಿತು. ದುಪ್ಪಟಿಯನ್ನು ತೆಗೆದು ತಾರಸಿಯ ಗೋಡೆಯ ಮೇಲೆ ಹರವಿದೆ. ಕಂಬಿಯಲ್ಲಿ ಅವಳು ಹಾಕಿದ ಗಂಟು ಮಾತ್ರ ಬಿಗಿಯಾಗಿದೆ, ಅದನ್ನು ಹೇಗೆ ಬಿಚ್ಚುವುದೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯವರು ತಮ್ಮ ತಾರಸಿಯಿಂದ, "ಈಗಾದ್ರೂ ವೈರ್ ಕಟ್ಟಿಸ್ಕೊಳ್ಳಿ ಅಕ್ಕ" ಎಂದರು. ಹೂಂ ಎಂದೆ.